ಮೊದಲ ಚಕ್ಕೆ

1959ರ ಫೆಬ್ರುವರಿ 11, ಬೆಳಿಗ್ಗೆ ಒಂಬತ್ತೂವರೆಗೆ ಯಮಕನಮರಡಿ ಠಾಣೆಗೆ ಅರಣ್ಯ ಇಲಾಖೆಯಿಂದ ಲಿಖಿತ ದೂರು ಬಂತು. ಗುಡ್ಡದ ರಕ್ಷಿತ ಅರಣ್ಯದಿಂದ ಎರಡು ಸಾಗವಾನಿ ಮರ ಕಳುವಾಗಿದ್ದವು. ಆರೋಪಿಯ ಹೆಸರೂ ದೂರಿನಲ್ಲೇ ಇತ್ತು: ಅರಣ್ಯದ ಗಾರ್ಡ್ ಬೀರಸಿದ್ದಪ್ಪ, ಅವನೇ ಮಾರಿರಬೇಕು. ಅವನ ನೌಕರಿ ಆಗಲೇ ಹೋಗಿತ್ತು, ಉಳಿದದ್ದು ಜೈಲು. ಸಬ್ ಇನ್ಸ್‌ಪೆಕ್ಟರ್ ಗುರುಲಿಂಗಪ್ಪ ಎಫ್‌ಐಆರ್ ಬರೆದು ಅವನನ್ನು ಲಾಕಪ್ಪಿಗೆ ಹಾಕಿದರು.

ಮರುದಿನ ಕೊಣ್ಣೂರಿನ ಕಟ್ಟಿಗೆ ಅಡ್ಡೆಯೊಂದರಲ್ಲಿ ಎರಡು ಹಸಿ ದಿಮ್ಮಿ ಸಿಕ್ಕವು. ಅಡ್ಡೆಯ ಗುತ್ತಿಗೆದಾರ ಮಾಲಿಂಗಪ್ಪ ಪರವಾನಗಿ ತೋರಿಸಿದ. ಮಮದಾಪುರದ ಖಾಸಗಿ ಹೊಲದ ಮರವೆಂದು ಅದರಲ್ಲಿತ್ತು. ಮಮದಾಪುರದ್ದು ಕಪ್ಪು ಎರೆಮಣ್ಣು, ದಿಮ್ಮಿಯ ಸೀಳಿನಲ್ಲಿದ್ದದ್ದು ಗುಡ್ಡದ ಕೆಂಪು ಗರಸುಮಣ್ಣು. ಮಾಲಿಂಗಪ್ಪ ನಕ್ಕ.

“ರಸ್ತಾಕ್ಕ ಹಾಕಿದ ಗರಸು ಹತ್ತೇತ್ರಿ. ತಾ ಯಾವೂರಿಂದು ಅಂತ ಹೇಳಾಕ ಮರಕ್ಕ ಬಾಯಿ ಐತೇನು?”

ಮಾತು ತಳ್ಳಿಹಾಕುವಂತಿರಲಿಲ್ಲ.

13ರಂದು ಗುಡ್ಡದ ಮೇಲೆ ಪಂಚನಾಮೆ. ಕಾನ್‌ಸ್ಟೇಬಲ್ ಸಾತಪ್ಪ ಮರ ಕೊಯ್ಯುವವರ ಕೇರಿಯಲ್ಲಿ ಬೆಳೆದವನು. ಕಡಿದು ಉಳಿದ ಬೊಡ್ಡೆಗಳ ಸುತ್ತ ಬಿದ್ದ ಚಕ್ಕೆಗಳನ್ನು ಆರಿಸಿ ಕೊಡಲಿಯ ಗಾಯಕ್ಕೆ ಒಂದೊಂದಾಗಿ ಕೂಡಿಸಿದ. ಎರಡೂ ಬೊಡ್ಡೆಗೆ ತೊಗಟೆಯಿದ್ದ ಒಂದೊಂದು ಚಕ್ಕೆ ಕಡಿಮೆ ಬಿತ್ತು.

“ಮೊದಲನೇ ಚಕ್ಕಿ ನಮ್ಮ ಮಂದಿ ಅಡವ್ಯಾಗ ಬಿಡೂದಿಲ್ರಿ,” ಎಂದ. “ಮನಿಗೆ ಒಯ್ದು ದೇವರ ಜಗಲಿ ಮ್ಯಾಲ ಇಡ್ತಾರ. ತಪ್ಪಾತು ಅಂತ ಮರಕ್ಕ ಕೈ ಮುಗೀತಾರ.”

ಹೇಳಿದವನು ತಲೆ ಎತ್ತಲಿಲ್ಲ.

ಮಾಲಿಂಗಪ್ಪನಿಗೆ ಮರ ಕೊಯ್ಯುತ್ತಿದ್ದವನು ಪರಸಪ್ಪ. ಅವನ ಮನೆಗೆ ಕದವಿರಲಿಲ್ಲ, ಗೋಣಿತಟ್ಟು ಇಳಿಬಿಟ್ಟಿತ್ತು. ಪೊಲೀಸರು ಅದನ್ನು ಸರಿಸಿದಾಗ ಮಗಳು ರಾಯವ್ವ ಬೀಸುಕಲ್ಲು ಬಿಟ್ಟು ಮೂಲೆಗೆ ಸರಿದಳು. ಜಗಲಿಯ ಮೇಲೆ ಅರಿಸಿನ ಬಳಿದ ಎರಡು ಚಕ್ಕೆ. ಗೋಡೆಗೆ ಒರಗಿಸಿದ, ಅರ್ಧ ಜೋಡಿಸಿದ ಸಾಗವಾನಿ ಕದ.

ಚಕ್ಕೆಗಳ ಕೆಳಮಗ್ಗುಲು ಗುಡ್ಡದ ಬೊಡ್ಡೆಗೆ ಕೂಡಿತು, ಮೇಲ್ಮಗ್ಗುಲು ಕೊಣ್ಣೂರಿನ ದಿಮ್ಮಿಗೆ.

“ಬೀರಸಿದ್ದಪ್ಪ ಒಳಗದಾನ ಅಂತ ಗೊತ್ತಿತ್ತಿಲ್ಲೋ?” ಗುರುಲಿಂಗಪ್ಪ ಕೇಳಿದರು.

“ಗೊತ್ತಿತ್ರಿ. ತೀರಿಹೋದ ನನ್ನ ಹೇಣ್ತಿಗೆ ಒಣ ಕಟ್ಟಿಗಿ ಆರಿಸಾಕ ಬಿಡ್ತಿದ್ದಂವ ಅಂವ ಒಬ್ಬನ.” ಪರಸಪ್ಪ ಚಕ್ಕೆಗಳನ್ನೇ ನೋಡುತ್ತಿದ್ದ. “ಮರಕ್ಕ ತಪ್ಪಾತು ಅಂದ್ನಿ. ಅವಗ ಅನ್ನಾಕ ಠಾಣೆಗೆ ಬರಾಕ ಕಾಲ ಏಳಲಿಲ್ರಿ.”

ಮೂವತ್ತು ವರ್ಷ ಊರವರ ಕದಗಳಿಗೆ ಹಲಗೆ ಕೊಯ್ದವನು ಅವನು. ಮಗಳು ದೊಡ್ಡವಳಾದ ಮೇಲೆ ಎರಡು ಸಲ ಯಾರೋ ಆ ತಟ್ಟು ಎತ್ತಿ ಇಣುಕಿದ್ದರು. ಕೂಲಿಯ ಮೇಲೆ ಒಂದು ಕದದಷ್ಟು ಹಲಗೆ ಕೊಡುತ್ತೇನೆಂದು ಮಾಲಿಂಗಪ್ಪ ಹೇಳಿದ್ದ. ಪರಸಪ್ಪ ಕೊಟ್ಟ ಹೇಳಿಕೆ ಅಷ್ಟೇ.

ಜಪ್ತಿ ಪಟ್ಟಿಯಲ್ಲಿ ಗುರುಲಿಂಗಪ್ಪ ಬರೆದರು: ಸಾಗವಾನಿ ಕದ, ಅಪೂರ್ಣ, ಒಂದು. ಅದನ್ನು ಗಾಡಿಗೆ ಏರಿಸುವಾಗ ಇನ್ನೊಂದು ತುದಿ ಹಿಡಿದವಳು ರಾಯವ್ವ.

14ರಂದು ಮಾಲಿಂಗಪ್ಪ, ಪರಸಪ್ಪ ಇಬ್ಬರನ್ನೂ ಬಂಧಿಸಲಾಯಿತು. ಮಧ್ಯಾಹ್ನದೊಳಗೆ ಗೋಕಾಕದಿಂದ ವಕೀಲರು ಮೋಟಾರಿನಲ್ಲಿ ಬಂದರು, ಮಾಲಿಂಗಪ್ಪ ಜಾಮೀನಿನ ಮೇಲೆ ಹೊರಗೆ ಹೋದ. ಪರಸಪ್ಪನಿಗೆ ಜಾಮೀನು ನಿಲ್ಲುವವರಿರಲಿಲ್ಲ.

ಸಂಜೆ ಐದಕ್ಕೆ ಬೀರಸಿದ್ದಪ್ಪನನ್ನು ಬಿಟ್ಟರು. ಎದುರು ಬಂದ ಪರಸಪ್ಪನ ಮುಖ ಅವನು ನೋಡಲಿಲ್ಲ.

“ರಾಯವ್ವ ನಮ್ಮ ಮನ್ಯಾಗ ಇರ್ತಾಳ,” ಎಂದಷ್ಟೇ ಹೇಳಿ ನಡೆದ.

ಒಳಗೆ ಕಾಲಿಡುವ ಮುಂಚೆ ಪರಸಪ್ಪ ಲಾಕಪ್ಪಿನ ದಪ್ಪ ಕದದ ಮೇಲೆ ಅಂಗೈ ಆಡಿಸಿದ. ಅದೂ ಸಾಗವಾನಿಯೇ ಎಂದು ಅವನ ಕೈಗೆ ಗೊತ್ತಾಯಿತು.

“ಇದು ಯಾವ ಅಡವೀದ್ರಿ, ಸಾಹೇಬ್ರ?”

ಗುರುಲಿಂಗಪ್ಪ ಕೀಲಿ ಹಾಕಿದರು. ಠಾಣೆಯ ಡೈರಿಯಲ್ಲಿ ಲಾಕಪ್ಪಿಗೆ ಹಾಕಿದ ವೇಳೆ ನಮೂದಿಸಿದರು. ಆ ಪ್ರಶ್ನೆಯನ್ನು ಬರೆಯಲಿಲ್ಲ.