ಖಾಲಿ ಕುರ್ಚಿಗೆ ಬಾಗಿದ ತಲೆ

2002ರ ಮೇ 11, ಶನಿವಾರ ಬೆಳಿಗ್ಗೆ ಲಾಸ್ ಏಂಜಲೀಸಿನ ಬಂದರು ಪ್ರದೇಶವಾದ ಸ್ಯಾನ್ ಪೀಡ್ರೊದ ಠಾಣೆಗೆ ಗೋಪಿನಾಥ್ ಏದುಸಿರು ಬಿಡುತ್ತ ಬಂದರು. ಅವರು ಅಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಮೊದಲ ಲೋಕಸಭೆ ಸೇರಿ ಐವತ್ತು ವರ್ಷವಾದ ನೆನಪಿಗೆ ಮರುದಿನ ಮಕ್ಕಳ ನಾಟಕವಿತ್ತು. ಅದಕ್ಕೆ ಬಾಡಿಗೆಗೆ ತಂದಿದ್ದ ಮೈಕುಗಳೆಲ್ಲ ಶುಕ್ರವಾರ ಸಂಜೆ ಸಂಘದ ಹಾಲ್‌ನಿಂದ ಮಾಯವಾಗಿದ್ದವು.

ದೂರು ಬರೆದುಕೊಂಡವಳು ಡಿಟೆಕ್ಟಿವ್ ನಿರುಪಮಾ ಹಿರೇಮಠ. ಧಾರವಾಡದಲ್ಲಿ ಹುಟ್ಟಿ, ಇಲ್ಲಿ ಓದಿ ಪೊಲೀಸ್ ಸೇರಿದವಳು. ನಮ್ಮ ಕಡೆಯ ಎಫ್‌ಐಆರ್‌ಗೆ ಇಲ್ಲಿ ರಿಪೋರ್ಟ್ ಅನ್ನುತ್ತಾರೆ. ಕಳ್ಳರು ಮಾತ್ರ ಎರಡೂ ಕಡೆ ಒಂದೇ ಥರ ಎಂದು ಅವಳ ನಂಬಿಕೆ. ಈ ಕೇಸಿನಲ್ಲಿ ಆ ನಂಬಿಕೆ ಕೈಕೊಟ್ಟಿತು.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ ಮೇಡಂ. ಎಲ್ಲಾ ನಮ್ಮವರೇ."

"ನಾಟಕ ಯಾವುದು?"

"ಪಾರ್ಲಿಮೆಂಟ್ ಕಾಮಿಡಿ. ಮೆಂಬರ್‌ಗಳು ಮೈಕ್ ಕಿತ್ಕೊಂಡು ಹೊಡೆದಾಡ್ತಾರೆ, ಸ್ಪೀಕರ್ ಗೊರಕೆ ಹೊಡೀತಾರೆ. ಮೈಕ್ ಇಲ್ಲದಿದ್ರೆ ಸೀನೇ ಇಲ್ಲ."

ಪಂಚನಾಮೆಗೆ ಪಂಚರನ್ನು ಹುಡುಕುವ ತಾಪತ್ರಯವಿರಲಿಲ್ಲ, ಹಾಲ್‌ನಲ್ಲಿ ಕ್ಯಾಮೆರಾ ಇತ್ತು. ನಿರುಪಮಾ ಮತ್ತು ಜೊತೆಗಾರ ಆಫೀಸರ್ ರುಯಿಜ್ ಟೇಪ್ ಹಾಕಿ ನೋಡಿದರು. ತಲೆತುಂಬ ಶಾಲು ಹೊದ್ದ ಹೆಂಗಸೊಬ್ಬಳು ಅಡುಗೆ ಪಾತ್ರೆಯ ಕೈಗಾಡಿ ತಳ್ಳುತ್ತ ಬಂದು, ಮೈಕುಗಳನ್ನು ದೊಡ್ಡ ಕೊಳಗಕ್ಕೆ ತುಂಬಿ ಹೊರಟುಹೋದಳು. ಮುಖ ಕಾಣಲಿಲ್ಲ. ಯುಗಾದಿಗೆ ಸಂಘವೇ ಅಡುಗೆಯ ಹೆಂಗಸರಿಗೆಲ್ಲ ಅಂಥದ್ದೇ ಶಾಲು ಹಂಚಿತ್ತು.

"ಹದಿನೈದು ಜನ ಇದ್ದಾರೆ. ಎಲ್ಲರನ್ನೂ ಕೇಳಬೇಕಾ?" ಎಂದ ರುಯಿಜ್.

"ತಡಿ, ಇನ್ನೊಂದ್ಸಲ ಹಾಕು."

ಒಳಗೆ ಬಂದಾಗ ಆ ಹೆಂಗಸು ಬಾಗಿಲಲ್ಲಿ ನಿಂತು ವೇದಿಕೆಯ ಕಡೆ ತಲೆ ಬಾಗಿಸಿದ್ದಳು. ಹೋಗುವಾಗಲೂ ತಿರುಗಿ ನಿಂತು ಮತ್ತೆ ಬಾಗಿಸಿದ್ದಳು.

"ದೇವರಿಗೆ ಇರಬೇಕು," ಎಂದ ರುಯಿಜ್.

"ಅಲ್ಲಿ ದೇವರಿಲ್ಲ. ನಾಟಕದ ಸ್ಪೀಕರ್ ಕುರ್ಚಿ ಇದೆ, ಅದೂ ಖಾಲಿ."

ನಿರುಪಮಾ ಚಿಕ್ಕವಳಿದ್ದಾಗ ಅಪ್ಪ ಅವಳನ್ನು ದೆಹಲಿಗೆ ಕರೆದೊಯ್ದು ಲೋಕಸಭೆಯ ಗ್ಯಾಲರಿಯಲ್ಲಿ ಕೂರಿಸಿದ್ದರು. ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಸದಸ್ಯನೂ ಸ್ಪೀಕರ್ ಪೀಠಕ್ಕೆ ತಲೆ ಬಾಗಿಸುವುದನ್ನು ಅವಳು ಕಣ್ಣರಳಿಸಿ ನೋಡಿದ್ದಳು. ಸಂಘದಲ್ಲಿ ಮಾಜಿ ಸಂಸದರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಗೋಪಿನಾಥ್ ನಕ್ಕುಬಿಟ್ಟರು.

ಮಧ್ಯಾಹ್ನದ ರಿಹರ್ಸಲ್‌ಗೆ ನಿರುಪಮಾ ಹೋಗಿ ಹಿಂದೆ ಕೂತಳು. ಸ್ಪೀಕರ್ ಪಾತ್ರ ಹತ್ತು ವರ್ಷದ ಶ್ರೇಯಾಳದ್ದು. ಅವಳ ಅಜ್ಜಿ ಸಾವಿತ್ರವ್ವ ಕಾಫಿ ತಟ್ಟೆ ಹಿಡಿದು ಸಾಲುಗಳ ನಡುವೆ ಬರುತ್ತಿದ್ದರು. ವಯಸ್ಸು ಎಪ್ಪತ್ತೆಂಟು, ಸ್ಯಾಂಟಾ ಕ್ಲಾರಿಟಾದಲ್ಲಿ ಮಗಳು ಕಲಾವತಿಯ ಮನೆಯಲ್ಲಿ ವಾಸ; ಸಂಘದವರಿಗೆ ಅವರು ಹೋಳಿಗೆ ಅಜ್ಜಿ, ಅಷ್ಟೇ. ಯಾತಕ್ಕೋ ಶ್ರೇಯಾ ಕುರ್ಚಿಯಿಂದ ಎದ್ದು ನಿಂತಳು. ಸಾವಿತ್ರವ್ವ ತಟ್ಟೆಸಮೇತ ಪಕ್ಕದ ಕುರ್ಚಿಯಲ್ಲಿ ಥಟ್ಟನೆ ಕೂತರು. ಸ್ಪೀಕರ್ ಎದ್ದರೆ ಸದಸ್ಯರು ಕೂರಬೇಕು, ಅದು ಸದನದ ಪದ್ಧತಿ. ನಿರುಪಮಾ ಎದ್ದುಹೋಗಿ ಅವರ ಪಕ್ಕ ಕೂತಳು.

"ಅಮ್ಮಾರ, ನೀವು ಯಾವ ಲೋಕಸಭಾದಾಗ ಇದ್ರಿ?"

ಮುದುಕಿ ಅವಳನ್ನೇ ನೋಡಿದರು. "ಮೊದಲನೇದರಾಗ. ವಿರೋಧ ಪಕ್ಷ, ಹಿಂದಿನ ಸಾಲು."

"ಇಲ್ಲಿ ಯಾರಿಗೂ ಹೇಳಿಲ್ಲ?"

"ಯಾರೂ ಕೇಳಲಿಲ್ಲ ತಂಗಿ."

"ಮೈಕ್?"

"ನಾನ ತಗೊಂಡೀನಿ. ಮಗಳ ಮನ್ಯಾಗ ಅದಾವ, ಟವೆಲ್ ಸುತ್ತಿ ಇಟ್ಟೀನಿ."

"ಯಾಕ?"

"ಗೋಪಿನಾಥಗ ಮೊದಲ ಹೇಳಿದ್ನಿ, ಈ ಸೀನ್ ತಗೀರಿ ಅಂತ. 'ಆಂಟಿ, ಕಾಮಿಡಿ ಇದು, ಸೀರಿಯಸ್ಸಾಗಿ ತಗೋಬೇಡಿ' ಅಂದ." ಅವರು ಕಾಫಿ ತಟ್ಟೆ ಕೆಳಗಿಟ್ಟರು. "ನನಗಾಗ ಇಪ್ಪತ್ತೆಂಟು ವರ್ಷ. ಒಂದಿನ ಸಂಜೀಕ ನಮ್ಮ ಕಡೆ ಹಳ್ಳಿಯ ಕುಡಿಯೋ ನೀರಿನ ಬಗ್ಗೆ ಮಾತಾಡಾಕ ಎದ್ದೆ. ಮಂತ್ರಿಗಳ ಸಾಲೆಲ್ಲ ಖಾಲಿ. ಕೋರಂ ಇಲ್ರೀ ಅಂದೆ. ಸ್ಪೀಕರ್ ಎಣಿಸಿದ್ರು, ಘಂಟಿ ಬಾರಿಸಿದ್ರು. ಮಂತ್ರಿಗಳು ಚಾ ಬಿಟ್ಟು ಓಡಿ ಬಂದ್ರು. ನಾ ಮುಗಸೋತನಕ ಕೂತು ಕೇಳಿದ್ರು. ಚಾ ಬಿಡಿಸಿದ್ದಕ್ಕ ಬೈದವರು ಸೈತ ಹೊರಗ ಬಂದು ಭೇಷ್ ಅಂದ್ರು. ಹಿಂದಿನ ಸಾಲಿನ ಹೆಣ್ಣುಮಗಳಿಗೆ ಅಷ್ಟು ಬೆಲಿ ಕೊಟ್ಟ ಸದನ ಅದು. ಅದರ ಕುರ್ಚಿ ಮ್ಯಾಲ ನನ್ನ ಮೊಮ್ಮಗಳು ಗೊರಕಿ ಹೊಡೀಬೇಕಾ?"

ಹತ್ತಿರ ಬಂದು ನಿಂತಿದ್ದ ಗೋಪಿನಾಥ್ ಮುಖ ಕೆಂಪಗಾಗಿತ್ತು.

"ಮೇಡಂ, ಕಂಪ್ಲೇಂಟ್ ವಾಪಸ್ ತಗೋತೀನಿ. ಆಂಟಿ, ತಪ್ಪಾಯ್ತು."

"ಬ್ಯಾಡ," ಎಂದರು ಸಾವಿತ್ರವ್ವ. "ಕಾನೂನು ಮಾಡೋ ಮನ್ಯಾಗ ಕೂತಾಕಿ ನಾ. ಕದ್ದೀನಿ, ಹಿಡೀರಿ. ಆದ್ರ ಸದಸ್ಯರನ್ನ ಹಿಡದ್ರ ಸ್ಪೀಕರಿಗೆ ತಿಳಸಬೇಕು. ಅದು ನಮ್ಮ ನಿಯಮ."

ಸಣ್ಣ ಅಪರಾಧಕ್ಕೆ ಇಲ್ಲಿ ಬಂಧಿಸಿ, ಕೋರ್ಟಿಗೆ ಹಾಜರಾಗುವಂತೆ ಚೀಟಿ ಕೊಟ್ಟು, ಸಹಿ ಪಡೆದು ಸ್ಥಳದಲ್ಲೇ ಬಿಡುವುದುಂಟು. ನಿರುಪಮಾ ಹಾಗೆಯೇ ಮಾಡಿದಳು. ಸಂಜೆ ರುಯಿಜ್ ಸ್ಯಾಂಟಾ ಕ್ಲಾರಿಟಾಕ್ಕೆ ಹೋಗಿ ಮೈಕುಗಳನ್ನು ತಂದ. ರಿಪೋರ್ಟಿನಲ್ಲಿ ಕಾರಣ ಬರೆಯುವ ಜಾಗದಲ್ಲಿ ನಿರುಪಮಾ ಬರೆದದ್ದು ಇಷ್ಟು: ತಾನು ಕೂತಿದ್ದ ಸದನವನ್ನು ನೋಡಿ ಮಕ್ಕಳು ನಗಬಾರದೆಂದು.

ಭಾನುವಾರ ಹೊಡೆದಾಟದ ದೃಶ್ಯ ಇರಲಿಲ್ಲ. ಅದರ ಜಾಗದಲ್ಲಿ ಪ್ರಶ್ನೋತ್ತರ ವೇಳೆ ಇತ್ತು, ಹಿಂದಿನ ಸಂಜೆ ಅಜ್ಜಿಯೇ ಕಲಿಸಿದ್ದು. ಮಂತ್ರಿಯಾಗಿದ್ದ ಹುಡುಗ ಉತ್ತರ ತಿಳಿಯದೆ ತಡವರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಶ್ರೇಯಾ ಪೀಠದಲ್ಲಿ ಕೂತು, ನಿರುಪಮಾ ಕೊಟ್ಟಿದ್ದ ಸೂಚನೆಯನ್ನು ತೊದಲು ಕನ್ನಡದಲ್ಲಿ ಓದಿದಳು.

"ಮಾನ್ಯ ಸದಸ್ಯರಾದ ಸಾವಿತ್ರವ್ವ ಅವರನ್ನು ನಿನ್ನೆ ಬಂಧಿಸಿ ಬಿಡುಗಡೆ ಮಾಡಲಾಗಿದೆ ಎಂದು ಸದನಕ್ಕೆ ತಿಳಿಸುತ್ತೇನೆ."

ಯಾರೂ ನಗಲಿಲ್ಲ. ಸಾವಿತ್ರವ್ವ ಬಾಗಿಲಲ್ಲಿ ನಿಂತು ಪೀಠಕ್ಕೆ ತಲೆ ಬಾಗಿಸಿದರು. ಈ ಸಲ ಪೀಠ ಖಾಲಿ ಇರಲಿಲ್ಲ. ಶ್ರೇಯಾಗೆ ಕಣ್ಣು ತುಂಬಿ ಬಂತು. ಅಜ್ಜಿಗೆ ಗೌರವ ಕೊಡಲು ಮೊಮ್ಮಗಳು ಎದ್ದು ನಿಂತಳು. ಸ್ಪೀಕರ್ ಎದ್ದರೆಂದು ಅಜ್ಜಿ ಅಲ್ಲೇ, ಹಿಂದಿನ ಸಾಲಿನಲ್ಲಿ, ಕೂತರು.