ಎಂಟಕ್ಕೂ ಮೂರಕ್ಕೂ ನಡುವೆ

ಟ್ಯಾಕ್ಸಿ ಡ್ರೈವರ್ ಬರೆದ ಪ್ರಬಂಧಕ್ಕೆ ಅವಳು ಹತ್ತಕ್ಕೆ ಎಂಟು ಕೊಟ್ಟಿದ್ದಳು. ಅದನ್ನೇ ತಿದ್ದಿದ ಇನ್ನೊಬ್ಬ ಮೇಷ್ಟ್ರು ಮೂರು ಕೊಟ್ಟಿದ್ದ. ಇಬ್ಬರ ಪರಿಚಯವಾದದ್ದೇ ಹೀಗೆ, ಒಬ್ಬರ ಮುಖ ಇನ್ನೊಬ್ಬರು ಸರಿಯಾಗಿ ನೋಡುವ ಮೊದಲೇ ಜಗಳ.

ಅದು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಸಂಜೆ ಶಾಲೆ. ಕೆಳಗೆ ಸ್ಟೇಷನರಿ ಅಂಗಡಿ, ಮೇಲೆ ಎರಡು ಕ್ಲಾಸ್ ರೂಮು, ಒಂದು ಸ್ಟಾಫ್ ರೂಮು. ಹಗಲೆಲ್ಲ ದುಡಿದು ಬಂದ ನರ್ಸುಗಳು, ಡ್ರೈವರುಗಳು, ಅಂಗಡಿಯವರು ಅಲ್ಲಿ ಕೂತು ಪರೀಕ್ಷೆಗೆ ತಯಾರಾಗುತ್ತಿದ್ದರು. ಅವನು ಅವರಿಗೆ ಪ್ರಬಂಧ ಬರೆಯಲು ಕಲಿಸುತ್ತಿದ್ದ, ಎಲ್ಲರ ಬಾಯಲ್ಲೂ ಪ್ರಬಂಧದ ಮೇಷ್ಟ್ರು. ಅವಳು ಹೊಸದಾಗಿ ಸೇರಿದವಳು, ಸಣ್ಣಕಥೆ ಓದಿಸುವವಳು, ಹಾಗಾಗಿ ಕಥೆ ಟೀಚರ್.

ವಾರದ ಪ್ರಬಂಧಗಳನ್ನು ಮಾತ್ರ ಇಬ್ಬರೂ ತಿದ್ದಬೇಕಿತ್ತು, ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದ ಹಾಗೆ. ನಡುವೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಶನಿವಾರ ಸಂಜೆ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಒಂದು ಅಂಕಕ್ಕೆ ಒಪ್ಪಬೇಕು. ಇದು ಪ್ರಿನ್ಸಿಪಾಲ್ ಮೇಡಂ ಮಾಡಿದ ನಿಯಮ. ಪ್ರೇಮ ಗೀಮದ ಯೋಚನೆ ಆ ತಾಯಿಗೆ ಕನಸಿನಲ್ಲೂ ಇರಲಿಲ್ಲ.

"ನಾನು ಕೊಟ್ಟ ವಿಷಯ ನಗರದ ಟ್ರಾಫಿಕ್ ಸಮಸ್ಯೆ," ಎಂದ ಅವನು, ಹಾಳೆಯನ್ನು ಅವಳ ಕಡೆಗೆ ತಳ್ಳುತ್ತ. "ಈ ಪುಣ್ಯಾತ್ಮರು ಏನು ಬರೆದಿದಾರೆ ನೋಡಿ. ಹಿಂದಿನ ಸೀಟಲ್ಲಿ ಒಬ್ಬ ಹೆಂಗಸು ಅಳ್ತಿದ್ರಂತೆ. ಟ್ರಾಫಿಕ್ ಜಾಮ್ ಆಗಿದ್ದೇ ಒಳ್ಳೇದಾಯ್ತಂತೆ, ಮನೆ ಬರೋದ್ರೊಳಗೆ ಅತ್ತು ಮುಗಿಸಿ ಮುಖ ಒರೆಸ್ಕೊಂಡ್ರಂತೆ. ಸಮಸ್ಯೆ ಎಲ್ಲಿದೆ ಇದರಲ್ಲಿ? ಪರಿಹಾರ ಎಲ್ಲಿದೆ?"

"ಅದೇ ಪರಿಹಾರ. ಟ್ರಾಫಿಕ್ಕಿಗಲ್ಲ, ಆ ಹೆಂಗಸಿಗೆ."

"ಪರೀಕ್ಷೆಯವರು ಹೆಂಗಸಿನ ವಿಷಯ ಕೇಳಲ್ಲ ಮೇಡಂ."

"ಕೇಳಲ್ಲ. ಆದ್ರೆ ರಾಶಿ ಪೇಪರ್ ಓದಿ ಸುಸ್ತಾದವರಿಗೆ ಮಾರನೇ ದಿನ ನೆನಪಿರೋದು ಇದೊಂದೇ."

ಅವನು ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ, ಇನ್ನೊಮ್ಮೆ ಓದಿದ. ಅಳುವ ಹೆಂಗಸು ಟ್ಯಾಕ್ಸಿಯಿಂದ ಇಳಿಯುವ ಹೊತ್ತಿಗೆ ಅವನ ಎರಡೂ ಕಿವಿ ಕೆಂಪಾಗಿದ್ದವು. ಅವಳು ಅದನ್ನು ನೋಡಿಯೂ ನೋಡದವಳಂತೆ ಕಿಟಕಿಯ ಕಡೆ ತಿರುಗಿದಳು.

"ಐದೂವರೆ," ಎಂದ ಗಂಟಲು ಸರಿಮಾಡಿಕೊಂಡು.

"ಏಳು."

"ಇದೇನು ತರಕಾರಿ ಮಾರ್ಕೆಟ್ಟಾ?"

"ಚೌಕಾಸಿ ಶುರು ಮಾಡಿದ್ದು ನೀವು."

ಅವನು ನಕ್ಕುಬಿಟ್ಟ. ಗಂಟುಮೋರೆಯ ಮನುಷ್ಯ ಎಂದುಕೊಂಡಿದ್ದಳು, ನಕ್ಕಾಗ ನೋಡಿದರೆ ಬೇರೆ ಯಾರೋ. ಆರಕ್ಕೆ ಒಪ್ಪಂದವಾಯಿತು. ಮೆಟ್ಟಿಲಿಳಿಯುವಾಗ ಅವಳಿಗೆ ಒಂದೇ ಚಿಂತೆ: ಮುಂದಿನ ಶನಿವಾರ ಅಂಕಗಳು ಹೊಂದಿಬಿಟ್ಟರೆ?

ಹೊಂದದಂತೆ ನೋಡಿಕೊಂಡಳು. ಅವನು ಏಳು ಕೊಡಬಹುದಾದ ಅಚ್ಚುಕಟ್ಟಾದ ಪ್ರಬಂಧಕ್ಕೆ ನಾಲ್ಕು ಹಾಕಿದಳು. ಅವನು ಮೂಗು ಮುರಿಯುವ ಎಡವಟ್ಟು ಪ್ರಬಂಧದಲ್ಲಿ ಒಂದೇ ಒಂದು ಒಳ್ಳೆಯ ಸಾಲು ಸಿಕ್ಕರೂ ಎಂಟು. ವಾರದ ಅಭ್ಯಾಸದ ಅಂಕ ತಾನೇ, ಯಾರ ಗಂಟೂ ಹೋಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಶನಿವಾರಗಳು ತುಂಬಿಕೊಂಡವು. ಅವನು ಎರಡು ಕಪ್ ಟೀ ತರುತ್ತಿದ್ದ, ಹಿಡಿ ಮುರಿದ ಕಪ್ಪನ್ನು ಮಾತಿಲ್ಲದೆ ತನ್ನ ಕಡೆಗೆ ಇಟ್ಟುಕೊಳ್ಳುತ್ತಿದ್ದ. ವಾದ ಮಾಡುವಾಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. ಸೋತಾಗ, "ನಿಮ್ಮ ಜೊತೆ ಏಗೋಕಾಗಲ್ಲ ಮೇಡಂ," ಎನ್ನುತ್ತಿದ್ದ. ಆ ಸೋಲು ಕೇಳುವುದಕ್ಕೆಂದೇ ಅವಳು ಗೆಲ್ಲುತ್ತಿದ್ದಳು.

ಮನೆಯಲ್ಲಿ ಅತ್ತಿಗೆಗೆ ವಾಸನೆ ಬಡಿಯಿತು. ಅಣ್ಣನ ಹೆಂಡತಿಯಾದರೂ ಗೆಳತಿಯಂಥವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ ಇದ್ದರೂ ಮಾತು ನಿಲ್ಲದು.

"ಶನಿವಾರ ಯಾಕೆ ಲೇಟು?"

"ಮಾರ್ಕ್ಸಿನ ಜಗಳ ಅತ್ತಿಗೆ. ಆ ಮನುಷ್ಯ ಯಾವುದಕ್ಕೂ ಒಪ್ಪಲ್ಲ."

"ಅಯ್ಯೋ ಪಾಪ. ಜಗಳಕ್ಕೆ ಹೋಗೋಕೆ ಯಾರಾದ್ರೂ ಹೊಸ ಡ್ರೆಸ್ಸಿಗೆ ಇಸ್ತ್ರಿ ಮಾಡ್ಕೋತಾರೇನೇ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಬೇರೆ ಕಡೆ ತಿರುಗಿಸಿ ಇಟ್ಟಳು, ತಪ್ಪೆಲ್ಲ ಅದರದೇ ಎಂಬಂತೆ.

ಹೀಗಿರುವಾಗ ಒಂದು ವಾರ ಒಂದು ಪ್ರಬಂಧದಲ್ಲೂ ಎರಡಕ್ಕಿಂತ ಹೆಚ್ಚು ಅಂತರ ಬರಲಿಲ್ಲ. ಅವಳ ಎಂಟಕ್ಕೆ ಅವನದು ಏಳು, ಅವಳ ನಾಲ್ಕಕ್ಕೆ ಅವನದೂ ನಾಲ್ಕು. ಕಾಕತಾಳೀಯ ಎಂದುಕೊಂಡಳು. ಮುಂದಿನ ವಾರವೂ ಅದೇ ಕಥೆ. ಶನಿವಾರ ಸಂಜೆ ಅವನು ಬಾಗಿಲಲ್ಲಿ ಒಮ್ಮೆ ನಿಂತು, "ಈ ಸಲಾನೂ ಕೂರಬೇಕಾಗಿಲ್ಲ ಮೇಡಂ, ನೀವು ಹೊರಡಬಹುದು," ಎಂದು ತಾನೂ ಹೊರಟುಹೋದ.

ನೀವು ಹೊರಡಬಹುದು! ಅವಳಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ. ಇತ್ತೀಚೆಗೆ ಅವಳ ಕಥೆಯ ಕ್ಲಾಸು ನಡೆಯುವಾಗ ಹಿಂದಿನ ಬಾಗಿಲ ಬಳಿ ನಿಂತು ಕೇಳುತ್ತಿದ್ದುದೂ ತಪ್ಪು ಹುಡುಕುವುದಕ್ಕೇ ಇರಬೇಕು. ಆ ಸಿಟ್ಟಿನಲ್ಲಿ, ನಿದ್ರೆಯ ಲಾಭಗಳ ಬಗ್ಗೆ ಡ್ರೈವರ್ ಬರೆದ, ಓದುವವರಿಗೇ ನಿದ್ರೆ ತರಿಸುವ ಪ್ರಬಂಧಕ್ಕೆ ಒಂಬತ್ತು ಜಡಿದಳು. ಈಗ ನೋಡೋಣ ಎಲ್ಲಿಗೆ ಓಡುತ್ತಾನೆ.

ಅವನೂ ಒಂಬತ್ತು ಕೊಟ್ಟಿದ್ದ.

ಪ್ರಿನ್ಸಿಪಾಲ್ ಮೇಡಂಗೆ ಸಂತೋಷವೋ ಸಂತೋಷ. ಇಬ್ಬರನ್ನೂ ಕರೆದು, "ಎಷ್ಟು ಚೆನ್ನಾಗಿ ಹೊಂದ್ಕೊಂಡಿದೀರಿ ನೋಡಿ! ಇನ್ನು ಒಂದೇ ಪೇಪರನ್ನ ಇಬ್ಬರು ಯಾಕೆ ತಿದ್ದಬೇಕು? ರಾತ್ರಿ ಪಾಳಿಯವರಿಗೆ ಹೊಸದಾಗಿ ಬೆಳಗಿನ ಬ್ಯಾಚು ಶುರು ಮಾಡ್ತಿದೀನಿ. ಕಥೆ ಟೀಚರ್, ಬರೋ ವಾರದಿಂದ ಅದು ನಿಮಗೆ," ಎಂದರು.

ಬೆಳಗಿನ ಬ್ಯಾಚು ಮುಗಿಯುವುದು ಅವನು ಶಾಲೆಗೆ ಬರುವುದಕ್ಕೆ ಎಷ್ಟೋ ಹೊತ್ತು ಮುಂಚೆ. ಅಂದರೆ ಇನ್ನು ಸ್ಟಾಫ್ ರೂಮಿನ ಮೂಲೆಯಲ್ಲಿ ಅವನು ಮರೆತುಹೋದ ಕೊಡೆ ಕಂಡೀತು, ಅವನು ಕಾಣುವುದಿಲ್ಲ. ಅವನು ಏನಾದರೂ ಹೇಳುತ್ತಾನೆಂದು ಕಾದಳು. ಅವನು ನೆಲ ನೋಡುತ್ತಿದ್ದ.

ಹೊರಗೆ ಕಾರಿಡಾರಿನಲ್ಲಿ ಟ್ಯಾಕ್ಸಿ ಡ್ರೈವರ್ ಇಬ್ಬರನ್ನೂ ಅಡ್ಡಗಟ್ಟಿದ. ಕೈಯಲ್ಲಿ ನಿದ್ರೆಯ ಪ್ರಬಂಧ.

"ಟೀಚರ್, ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದನ್ನ ನಾನು ಸಿಗ್ನಲ್ಲಲ್ಲಿ ನಿಂತಾಗ ನಿಂತಾಗ ಗೀಚಿದ್ದು. ಇದು ಕೆಟ್ಟದಾಗಿದೆ ಅಂತ ನನಗೇ ಗೊತ್ತು. ಇಬ್ಬರೂ ಒಂಬತ್ತು ಕೊಟ್ಟಿದೀರಿ! ಇದನ್ನ ನಂಬ್ಕೊಂಡು ಪರೀಕ್ಷೆಗೆ ಹೋದ್ರೆ ಮಣ್ಣು ಮುಕ್ತೀನಿ ಅಷ್ಟೇ. ಆ ಅಳೋ ಹೆಂಗಸಿನ ಪ್ರಬಂಧಕ್ಕೆ ಆರು, ಇದಕ್ಕೆ ಒಂಬತ್ತಾ? ನ್ಯಾಯವಾಗಿ ಇನ್ನೊಂದ್ಸಲ ತಿದ್ದಿ ಕೊಡಿ."

ಹಾಳೆಯನ್ನು ಅವಳ ಕೈಗಿಟ್ಟು ಹೋದ. ಇಬ್ಬರಿಗೂ ನಾಚಿಕೆಯಾಯಿತು. ಸ್ಟಾಫ್ ರೂಮಿಗೆ ಬಂದು, ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತರು. ಟೀ ಇರಲಿಲ್ಲ.

"ಯಾಕೆ ಒಂಬತ್ತು ಕೊಟ್ರಿ?" ಎಂದಳು.

"ನೀವು ಒಂಬತ್ತೇ ಕೊಡ್ತೀರ ಅಂತ ಅನ್ನಿಸ್ತು."

"ನಾನು ಕೊಟ್ರೆ ನೀವೂ ಕೊಡಬೇಕಾ?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಅಂಕ ಹೊಂದಿದ್ರೆ ನೀವು ಬೇಗ ಮನೆಗೆ ಹೋಗಬಹುದಲ್ಲ. ಪ್ರತಿ ಶನಿವಾರ ನನ್ನ ಜೊತೆ ಕೂತಾಗ ಗಡಿಯಾರ ನೋಡ್ತಾನೇ ಇರ್ತಿದ್ರಿ. ನಿಮಗೆ ತೊಂದ್ರೆ ಆಗ್ತಿದೆ ಅಂದ್ಕೊಂಡೆ. ಬಾಯಿಬಿಟ್ಟು ಹೇಳೋರಲ್ಲ ನೀವು, ಅದಕ್ಕೇ."

"ಗಡಿಯಾರ ನೋಡ್ತಿದ್ದದ್ದು ಇನ್ನೂ ಎಷ್ಟು ಹೊತ್ತು ಉಳಿದಿದೆ ಅಂತ ರೀ!"

ಮಾತು ಬಾಯಿಂದ ಜಾರಿತ್ತು. ಅವಳ ಕೆನ್ನೆ ಬಿಸಿಯಾಯಿತು. ಅವನು ತಲೆಯೆತ್ತಿ ನೋಡಿದ. ಇಷ್ಟು ದಿನ ಹಾಳೆಗಳ ಮೇಲೆ ಓಡಾಡುತ್ತಿದ್ದ ಆ ಕಣ್ಣುಗಳು ಈಗ ಅವಳ ಮುಖ ಬಿಟ್ಟು ಕದಲಲಿಲ್ಲ.

"ಹಾಗಿದ್ರೆ ಆ ನಾಲ್ಕು, ಎಂಟು..."

"ಬೇಕಂತಲೇ ಕೊಟ್ಟಿದ್ದು. ನಿಮ್ಮ ಎದುರು ಕೂರೋಕೆ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಆಮೇಲೆ ಅವಳಿಗೇ ಕುತೂಹಲ ತಡೆಯಲಿಲ್ಲ. "ಅಲ್ಲಾ, ನನ್ನ ಅಂಕ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಕಲಿತೆ. ನಿಮ್ಮ ಕಥೆ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿ ಕೇಳಿ. ಹೋದ ತಿಂಗಳು ಒಂದು ಕಥೆ ಓದಿಸಿದ್ರಲ್ಲ, ಬಸ್ಸಲ್ಲಿ ಹೆಂಡತಿಗೂ ಸೇರಿ ಎರಡು ಟಿಕೆಟ್ ತಗೊಳ್ಳೋ ಮುದುಕಪ್ಪಂದು. ಪಕ್ಕದ ಸೀಟು ಖಾಲಿ. ಹೆಂಡತಿ ತೀರಿಹೋಗಿದಾಳೆ ಅಂತ ಕಥೇಲಿ ಎಲ್ಲೂ ಬರೆದಿಲ್ಲ. ನೀವೂ ಹೇಳಲಿಲ್ಲ. ಆ ನರ್ಸಮ್ಮ ತಾನಾಗೇ ಕಂಡುಹಿಡಿದು ಕಣ್ಣು ಒರೆಸ್ಕೊಂಡ್ರು. ಆವತ್ತಿಂದ ಪ್ರಬಂಧ ತಿದ್ದೋವಾಗ ಇಲ್ಲಿ ನೀವಾಗಿದ್ರೆ ಏನು ನೋಡ್ತಿದ್ರಿ ಅಂತ ಯೋಚನೆ ಮಾಡ್ತೀನಿ. ಯಾರಾದ್ರೂ ಅಮ್ಮನ ಕೈ ಬಗ್ಗೆ ಬರೆದ್ರೆ ನೀವು ಒಂದು ಅಂಕ ಹೆಚ್ಚು ಹಾಕ್ತೀರಿ. ದೊಡ್ಡ ದೊಡ್ಡ ಪದ ತುರುಕಿದ್ರೆ ಒಂದು ಕಡಿಮೆ."

"ಮತ್ತೆ ಈ ಒಂಬತ್ತು? ಇದರಲ್ಲಿ ಅಮ್ಮನೂ ಇಲ್ಲ, ಏನೂ ಇಲ್ಲ."

"ಆ ವಾರ ನಿಮಗೆ ಸಿಟ್ಟು ಬಂದಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. ಆದ್ರೆ ಸಿಟ್ಟು ಬಂದಾಗ ನಿಮ್ಮ ಕೈ ಧಾರಾಳ ಆಗತ್ತೆ ಅಂತ ಗೊತ್ತಿತ್ತು."

ಇದು ಅವಳ ಅಣ್ಣನಿಗೂ ಗೊತ್ತಿರಲಿಲ್ಲ, ಅತ್ತಿಗೆಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೇ ಗೊತ್ತಿರಲಿಲ್ಲ. ತನ್ನನ್ನು ಯಾರೋ ಇಷ್ಟು ನಿಧಾನವಾಗಿ, ಇಷ್ಟು ಪ್ರೀತಿಯಿಂದ ಓದಿದ್ದಾರೆ ಎನ್ನುವುದು ಅವಳಿಗೆ ನಗುವನ್ನೂ ಅಳುವನ್ನೂ ಒಟ್ಟಿಗೆ ತರಿಸಿತು. ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಇಬ್ಬರೂ ಸೇರಿ ನಿದ್ರೆಯ ಪ್ರಬಂಧವನ್ನು ಮೊದಲಿನಿಂದ ಓದಿ, ಎರಡೂವರೆ ಕೊಟ್ಟು, ಎಲ್ಲಿ ಏನು ಸರಿಮಾಡಬೇಕೆಂದು ಅಂಚಿನ ತುಂಬ ಬರೆದರು.

ಪ್ರಿನ್ಸಿಪಾಲ್ ಮೇಡಂಗೆ ನಡೆದದ್ದನ್ನು ಹೇಳಿಬಿಡುವುದೇ ಸರಿ ಎಂದು ಒಟ್ಟಿಗೇ ಹೋದರು. ಹೇಳಿದರೆ ಎರಡು ಕೈ ತಿದ್ದುವ ಹಳೆಯ ಏರ್ಪಾಡು ಉಳಿದೀತು ಎಂಬ ಆಸೆಯೂ ಒಳಗೆ ಇತ್ತು. ಮೇಡಂ ಪೂರ್ತಿ ಕೇಳಿದರು. ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು, ಅವಳನ್ನು ನೋಡಿದರು.

"ಎರಡನೇ ಕೈ ಬೇಕು ಅನ್ನೋದು ಖಾತ್ರಿಯಾಯ್ತು. ಆದ್ರೆ ಆ ಎರಡು ಕೈ ನಿಮ್ಮದಲ್ಲ. ನೀವಿಬ್ಬರೂ ಇನ್ನು ಒಂದೇ ಪೇಪರನ್ನ ಮುಟ್ಟಕೂಡದು. ಟೀಚರ್, ನೀವು ಬೆಳಗಿನ ಬ್ಯಾಚೇ. ಹೋಗಿ ಇನ್ನು," ಎಂದರು. ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಅವರು ನಕ್ಕ ಸದ್ದು ಕೇಳಿಸಿತು.

ಮೆಟ್ಟಿಲ ಮೇಲೆ ಇಬ್ಬರೂ ನಿಂತರು. ಕೆಳಗೆ ಸ್ಟೇಷನರಿ ಅಂಗಡಿಯವರು ಶಟರ್ ಎಳೆಯುತ್ತಿದ್ದರು.

"ಇನ್ನು ಶನಿವಾರ ಸಿಗೋದಕ್ಕೆ ಕಾರಣವೇ ಇಲ್ಲ," ಎಂದ ಅವನು, ಸೋತ ದನಿಯಲ್ಲಿ.

"ಕಾರಣ ಇಲ್ಲದೇ ಬನ್ನಿ," ಎಂದಳು. "ನಮ್ಮನೆಗೆ."

ಶನಿವಾರ ಕರೆಗಂಟೆ ಒತ್ತಿದಾಗ ಬಾಗಿಲು ತೆಗೆದದ್ದು ಅತ್ತಿಗೆ, ಕೊರಳಲ್ಲಿ ಅಳತೆಪಟ್ಟಿ. "ಯಾರು ಬೇಕಿತ್ತು?" ಎಂದಳು, ಯಾರೆಂದು ಚೆನ್ನಾಗಿ ಗೊತ್ತಿದ್ದೂ.

"ನಮಸ್ಕಾರ. ನಿಮ್ಮ ನಾದಿನೀನ ಮದುವೆ ಆಗಬೇಕು ಅಂತ ಇದೀನಿ," ಎಂದ ಅವನು ಒಂದೇ ಉಸಿರಿಗೆ, ಚಪ್ಪಲಿ ಕೂಡ ಬಿಡದೆ.

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗಿನ ಕೋಣೆಯಿಂದ ಓಡಿಬಂದವಳು ಅತ್ತಿಗೆಯ ಭುಜದ ಹಿಂದೆಯೇ ನಿಂತುಬಿಟ್ಟಳು.

"ಎಲ್ಲರಿಗೂ ಹೇಳಿ. ನನ್ನನ್ನ ಮಾತ್ರ ಕೇಳಬೇಡಿ," ಎಂದಳು, ಸಿಟ್ಟು ನಟಿಸಲು ನೋಡುತ್ತ.

"ನಿಮಗೆ ಗೊತ್ತಲ್ಲ ಅಂತ..."

"ಗೊತ್ತಿದ್ರೂ ಕೇಳಬೇಕು ರೀ. ನನಗೆ ಕೇಳಿಸ್ಕೋಬೇಕು."

ಅವನು ಅತ್ತಿಗೆಯ ಕಡೆ ನೋಡಿದ. ಅವಳೇನೂ ಸಹಾಯಕ್ಕೆ ಬರುವ ಹಾಗೆ ಕಾಣಲಿಲ್ಲ, ಬಾಗಿಲಿಗೆ ಒರಗಿ ಆರಾಮವಾಗಿ ನಿಂತಿದ್ದಳು. ಅವನು ಕನ್ನಡಕ ಸರಿಮಾಡಿಕೊಂಡ.

"ನನಗೆ ನೀವು ತುಂಬಾ ಇಷ್ಟ. ನಿಮ್ಮನ್ನ ಬಿಟ್ಟು ಒಂದು ಶನಿವಾರಾನೂ ನನ್ನ ಕೈಲಿ ಆಗಲ್ಲ. ಉಳಿದ ದಿನಾನೂ ಆಗಲ್ಲ. ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು ಅವಳು.

"ಅಷ್ಟೇನಾ?"

"ಅಷ್ಟೇ. ಒಳಗೆ ಬನ್ನಿ, ಅಣ್ಣ ಕೇಳೋದು ಇನ್ನೂ ಬಾಕಿ ಇದೆ."