ಅಳಿಲಿನ ಮರಿಗಳು

"ಓಗೋದು ಬ್ಯಾಡ ಅಂದ್ರೆ ಬ್ಯಾಡ ಕಣೇ! ಈ ಅವರೆಕಾಳು ಇತುಕೋರ್ಯಾರು?" ಮುನಿವೆಂಕಟಮ್ಮಜ್ಜಿ ನೆನೆಸಿದ ಕಾಳಿನ ಬೇಸನ್ನನ್ನು ಮೊಮ್ಮಗಳ ಮುಂದೆ ತಳ್ಳಿದರು.

ಸಂಯುಕ್ತಾಳ ಮುಖ ಸೊಟ್ಟಗಾಯಿತು. ಅವರೆಕಾಯಿ ಕಾಲ ಬಂತೆಂದರೆ ಜಾಲಹಳ್ಳಿ ಪಕ್ಕದ ಸಿಂಗಾಪುರ ಬಡಾವಣೆಯ ಆ ಮನೆಯಲ್ಲಿ ಪ್ರತಿ ಭಾನುವಾರವೂ ಹೀಗೆಯೇ. ದೊಡ್ಡವರು ಚಿಕ್ಕವರೆನ್ನದೆ ಬೇಸನ್ನಿನ ಸುತ್ತ ಕೂತು ಒಂದೊಂದೇ ಕಾಳಿನ ಸಿಪ್ಪೆ ಹಿತುಕಬೇಕು. ಅಪ್ಪ ಅಮ್ಮ ಮದುವೆಗೆ ಹೋಗಿದ್ದರು, ಇವತ್ತು ಇಬ್ಬರೇ. ಸಾಯಂಕಾಲ ಜಾಲಹಳ್ಳಿಯಲ್ಲಿ ಕ್ಲಾಸ್‌ಮೇಟ್ ಗಜಾಲಾಳ ಬರ್ತ್‌ಡೇ ಬೇರೆ. ಮ್ಯಾಜಿಕ್ ಶೋ, ರಿಟರ್ನ್ ಗಿಫ್ಟು! ಹೇಗೆ ಬಿಡುವುದು?

ಶುಕ್ರವಾರ ಅತೀಯಾ ಮಿಸ್ ಹೇಳಿದ ಕತೆ ನೆನಪಾಯಿತು. ಹದ್ದಿಗೆ ಸಿಕ್ಕಿಬಿದ್ದ ಅಳಿಲು, "ಗೂಡಲ್ಲಿ ನನ್ನ ಮರಿಗಳು ಹಸಿದಿವೆ" ಎಂದು ಅಂಗಲಾಚಿತು. ಹದ್ದಿಗೂ ಮರಿಗಳಿದ್ದವು. ಅದರ ಮನಸ್ಸು ಕರಗಿತು, ಬಿಟ್ಟುಬಿಟ್ಟಿತು.

"ಹದ್ದಿನ ಮನಸ್ಸು ಯಾವುದಕ್ಕೆ ಕರಗುತ್ತೆ ಅಂತ ಅಳಿಲಿಗೆ ಗೊತ್ತಿತ್ತು" ಎಂದಿದ್ದರು ಮಿಸ್.

ಅಜ್ಜಿಯ ಮನಸ್ಸು ಯಾವುದಕ್ಕೆ ಕರಗುತ್ತದೆಂದು ಸಂಯುಕ್ತಾಳಿಗೆ ಗೊತ್ತಿಲ್ಲವೇ? ಅವಳು ದನಿ ಸಣ್ಣಗೆ ಮಾಡಿಕೊಂಡಳು.

"ಪಾಪ ಅಜ್ಜಿ, ಗಜಾಲಾಗೆ ಅಜ್ಜಿನೇ ಇಲ್ಲ. ನಾನೂ ಹೋಗ್ಲಿಲ್ಲ ಅಂದ್ರೆ ಒಬ್ಳೇ ಕೇಕ್ ಕಟ್ ಮಾಡ್ತಾಳೆ."

ಕಷ್ಟಪಟ್ಟು ಎರಡು ಹನಿ ಕಣ್ಣೀರನ್ನೂ ತಂದುಕೊಂಡಳು.

ಅಜ್ಜಿಯ ಕೈ ನಿಂತಿತು. "ಅಯ್ಯೋ, ಕಂದಾ! ಓಗು, ರೆಡಿಯಾಗೋಗು."

ಗೆದ್ದೆ! ಸಂಯುಕ್ತಾ ಹೊಸ ಫ್ರಾಕ್ ಹಾಕಿಕೊಂಡು ಓಡಿಬಂದಳು. ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಮದುವೆ ಮುಂಜಿಗೆ ಮಾತ್ರ ಉಡುವ ರೇಷ್ಮೆ ಸೀರೆ, ಕೈಯಲ್ಲಿ ರವೆ ಉಂಡೆಯ ಡಬ್ಬಿ.

"ನಾನೂ ಬತ್ತೀನಿ ನಡಿ. ನಮ್ಮವ್ವ ತೀರ್ಕೊಂಡಾಗ ನಂಗೂ ನಿಮ್ಮಂಗೇ ಎಂಟೇ ವರ್ಷ. ತಲೆ ಮ್ಯಾಲೆ ಕೈ ಇಡೋರೇ ಇರ್ಲಿಲ್ಲ. ಆ ಮಗೀಗೆ ಅಂಗಾಗ್ಬಾರ್ದು."

ಚಪ್ಪಲಿ ಮೆಟ್ಟುತ್ತಿದ್ದ ಸಂಯುಕ್ತಾ ಅಲ್ಲೇ ನಿಂತಳು. ಗಜಾಲಾಳ ಮನೆಯಲ್ಲಿ ಒಬ್ಬರಲ್ಲ, ಇಬ್ಬರು ಅಜ್ಜಿಯರಿದ್ದಾರೆ. ಇವತ್ತು ಮನೆ ತುಂಬ ಮಕ್ಕಳು ಬೇರೆ.

ಅಳಿಲಿಗೆ ನಿಜವಾಗಿಯೂ ಮರಿಗಳಿದ್ದವು.

"ಅಜ್ಜೀ..." ಅವಳಿಗೆ ತಲೆಯೆತ್ತಲಾಗಲಿಲ್ಲ. "ಸುಳ್ಳು ಹೇಳ್ದೆ. ಗಜಾಲಾಗೆ ಇಬ್ರು ಅಜ್ಜೀರಿದ್ದಾರೆ."

ಅಜ್ಜಿ ಬೈಯಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಸೀರೆ ಬದಲಿಸಲು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಸಂಯುಕ್ತಾ ಚಪ್ಪಲಿ ಬಿಚ್ಚಿ ಬೇಸನ್ನಿನ ಮುಂದೆ ಕೂತಳು. ಈಗ ಕಣ್ಣೀರು ತಾನಾಗಿಯೇ ಬಂತು. ಅಜ್ಜಿ ಹೊರಗೆ ಬರುವಷ್ಟರಲ್ಲಿ ಅದನ್ನು ಫ್ರಾಕಿನ ತೋಳಿನಿಂದ ಚೆನ್ನಾಗಿ ಒರೆಸಿಕೊಂಡು, ಒಂದು ಕಾಳು ಕೈಗೆತ್ತಿಕೊಂಡಳು.